ಅರ್ಥ ಗೊತ್ತಿದ್ದರೂ ಬಳಕೆಗೆ ಬಾರದ ಇಂಗ್ಲಿಷ್ ಪದಗಳು

ಪ್ರಶ್ನೆ: ನಾನು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ರಜೆಯಲ್ಲಿ ಸಂಬಂಧಿಕರ ಹೋಂಸ್ಟೇಯ ಬುಕಿಂಗ್ ನೋಡಿಕೊಳ್ಳುತ್ತೇನೆ. ಸರಳ ಇಂಗ್ಲಿಷ್ ಅರ್ಥವಾಗುತ್ತದೆ. ಆದರೆ ಪತ್ರಿಕೆಯ ಸಂಪಾದಕೀಯ ಮತ್ತು ಬ್ಯಾಂಕ್ ಪರೀಕ್ಷೆಯ ಪ್ಯಾಸೇಜ್‌ಗಳು ಕಷ್ಟವಾಗುತ್ತವೆ. ‘ರಿಲಕ್ಟೆಂಟ್’, ‘ಅಡಿಕ್ವೇಟ್’ ಮುಂತಾದ ನೂರಾರು ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದುಕೊಂಡು ಬಾಯಿಪಾಠ ಮಾಡಿದ್ದೇನೆ. ವಾರ ಕಳೆದರೆ ಮರೆತುಹೋಗುತ್ತವೆ. ನೆನಪಿದ್ದ ಪದವನ್ನು ಬಳಸಿದರೆ ತಪ್ಪು ಎನ್ನುತ್ತಾರೆ. ಯಾವ ಪದಗಳನ್ನು, ಎಷ್ಟು, ಹೇಗೆ ಕಲಿಯಬೇಕು? ಕನ್ನಡದಲ್ಲಿ ಅರ್ಥ ಬರೆದುಕೊಳ್ಳುವುದೇ ತಪ್ಪೇ? ಮೂರು ಸಾವಿರ ಪದಗಳ ಪುಸ್ತಕವೊಂದನ್ನು ಕೊಳ್ಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಕಲಿತ ಪದ ಮರೆತುಹೋಗುವುದು ಒಂದು; ಮರೆಯದೆ ಉಳಿದ ಪದವೂ ವಾಕ್ಯದಲ್ಲಿ ಸರಿಯಾಗಿ ಕೂರದಿರುವುದು ಇನ್ನೊಂದು. ಮೊದಲನೆಯದಕ್ಕೆ ಪರಿಹಾರ ಸುಲಭವಾಗಿದೆ, ಅದನ್ನು ಮುಂದೆ ಹೇಳುತ್ತೇನೆ. ಎರಡನೆಯದೇ ಮಧ್ಯಮ ಹಂತದ ಕಲಿಕೆಯ ನಿಜವಾದ ಕಷ್ಟ. ‘ವಾಟರ್’ ಎಂದರೆ ನೀರು, ‘ಟ್ರೀ’ ಎಂದರೆ ಮರ ಎಂದು ತಿಳಿದರೆ ಆರಂಭದ ಹಂತದ ಪದಗಳ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ‘ರಿಲಕ್ಟೆಂಟ್’ನಂಥ ಪದಕ್ಕೆ ಒಂದು ಕನ್ನಡ ಅರ್ಥವನ್ನು ಬರೆದುಕೊಂಡಾಗ ಅರ್ಧ ಕೆಲಸವಷ್ಟೇ ಆಗಿರುತ್ತದೆ. ಅದು ಯಾವ ಸಂದರ್ಭದಲ್ಲಿ ಬರುತ್ತದೆ, ಅದರ ಹಿಂದೆ ಮುಂದೆ ಯಾವ ಪದಗಳು ನಿಲ್ಲುತ್ತವೆ, ಅದಕ್ಕೂ ಅದರ ನೆರೆಯ ಪದಕ್ಕೂ ಏನು ವ್ಯತ್ಯಾಸ ಎಂಬ ಉಳಿದರ್ಧ ನಿಮ್ಮ ನೋಟ್‌ಬುಕ್ಕಿನಲ್ಲಿ ಇಲ್ಲ.

ಯಾವ ಪದಗಳನ್ನು ಕಲಿಯಬೇಕೆಂಬುದಕ್ಕೆ ಭಾಷಾ ಬೋಧನೆಯ ಕ್ಷೇತ್ರದಲ್ಲಿ ಬಹಳ ಕಾಲದಿಂದ ಕೆಲಸ ನಡೆದಿದೆ. 1953ರಲ್ಲಿ ಮೈಕೇಲ್ ವೆಸ್ಟ್ ಇಂಗ್ಲಿಷಿನ ಅತಿ ಬಳಕೆಯ ಸುಮಾರು 2000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಾಮಾನ್ಯ ಬರಹವೊಂದರಲ್ಲಿ ಬರುವ ಪದಗಳಲ್ಲಿ ಸುಮಾರು ಶೇ. 80ರಷ್ಟು ಈ ಎರಡು ಸಾವಿರದೊಳಗೇ ಸಿಗುತ್ತವೆ. ಕೇಳಲು ಇದು ಬಹಳವೆನಿಸುತ್ತದೆ, ಆದರೆ ಪ್ರತಿ ಐದು ಪದಗಳಲ್ಲಿ ಒಂದು ಅರ್ಥವಾಗದೆ ಉಳಿಯುತ್ತದೆ ಎಂದೇ ಅದರ ಅರ್ಥ, ಮತ್ತು ಸಂಪಾದಕೀಯ ಓದುವಾಗ ನೀವು ನಿಂತುಬಿಡುವುದು ಅಲ್ಲಿಯೇ. 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಅವರು ಆ ಮೊದಲ ಎರಡು ಸಾವಿರದ ಆಚೆಗೆ, ಪಠ್ಯ ಮತ್ತು ಶಾಸ್ತ್ರೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು, ಅಂದರೆ ಒಂದೇ ಮೂಲಪದದಿಂದ ಬಂದ ಪದಗಳ ಗುಂಪುಗಳನ್ನು, ಗುರುತಿಸಿದರು. ಇಂಥ ಬರಹಗಳಲ್ಲಿ ಇನ್ನೂ ಸುಮಾರು ಶೇ. 10ರಷ್ಟು ಪದಗಳು ಈ 570ರಿಂದಲೇ ಬರುತ್ತವೆ. ಪತ್ರಿಕೆಗಳಲ್ಲಿ ಈ ಪಾಲು ಕಡಿಮೆಯಾದರೂ ಲೆಕ್ಕಕ್ಕೆ ಬರುವಷ್ಟಿದೆ. ನಿಮ್ಮ ‘ಅಡಿಕ್ವೇಟ್’ ಮತ್ತು ‘ರಿಲಕ್ಟೆಂಟ್’ ಎರಡರ ಕುಟುಂಬಗಳೂ ಆ ಪಟ್ಟಿಯಲ್ಲಿವೆ, ಅಂದರೆ ನೀವು ಆರಿಸಿಕೊಂಡ ಪದಗಳಲ್ಲಿ ದೋಷವಿಲ್ಲ. ಯಾವ ನೆರವೂ ಇಲ್ಲದೆ ಕಾದಂಬರಿ, ಪತ್ರಿಕೆಗಳನ್ನು ಓದಲು ಎಂಟು ಒಂಬತ್ತು ಸಾವಿರ ಪದಕುಟುಂಬಗಳು ಬೇಕೆಂದು ಪಾಲ್ ನೇಷನ್ ಎಂಬ ವಿದ್ವಾಂಸರು 2006ರಲ್ಲಿ ಲೆಕ್ಕಹಾಕಿದ್ದಾರೆ. ಆ ಸಂಖ್ಯೆಯನ್ನು ಕಂಡು ನೀವು ಹೆದರಬೇಕಾಗಿಲ್ಲ. ಅದು ಹಲವು ವರ್ಷಗಳ ಓದಿನಲ್ಲಿ ತಾನಾಗಿ ಕೂಡಿಬರುವಂಥದು. ಮೊದಲ ಎರಡು ಸಾವಿರದಲ್ಲಿ ಇರುವ ತೂತುಗಳನ್ನು ಮುಚ್ಚುವುದು, ಅನಂತರ ಆ 570 ಕುಟುಂಬಗಳನ್ನು ನಿಧಾನವಾಗಿ ವಶಮಾಡಿಕೊಳ್ಳುವುದು ಮುಂದಿನ ಒಂದೂವರೆ ಎರಡು ವರ್ಷಗಳಿಗೆ ನಿಮಗೆ ತಕ್ಕ ಗುರಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಅರ್ಥ ಬರೆದುಕೊಳ್ಳುವುದು ತಪ್ಪಲ್ಲ. ‘ಇಂಗ್ಲಿಷಿನಲ್ಲೇ ಯೋಚಿಸಿ, ಕನ್ನಡವನ್ನು ಮರೆಯಿರಿ’ ಎಂದು ಹೇಳುವವರು ಹಲವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ಪದವೊಂದರ ಅರ್ಥ ಮನಸ್ಸಿಗೆ ಬೇಗ ತಲುಪುವುದು ತನ್ನ ಭಾಷೆಯ ಮೂಲಕವೇ. ತೊಂದರೆ ಬರುವುದು ಒಂದು ಇಂಗ್ಲಿಷ್ ಪದದ ಎದುರು ಒಂದೇ ಒಂದು ಕನ್ನಡ ಪದವನ್ನು ಬರೆದು, ಎರಡೂ ಸಮ ಎಂದು ಭಾವಿಸಿದಾಗ. ‘ನಿರಾಕರಿಸು’ ಎಂಬ ಪದವನ್ನೇ ನೋಡಿ. ಮಧ್ಯಮ ಹಂತದ ನಾಲ್ಕು ಇಂಗ್ಲಿಷ್ ಕ್ರಿಯಾಪದಗಳಿಗೆ, ಅಂದರೆ ಡಿನೈ, ರಿಫ್ಯೂಸ್, ರಿಜೆಕ್ಟ್, ಡಿಕ್ಲೈನ್ ಇವುಗಳಿಗೆ, ನಿಘಂಟಿನಲ್ಲಿ ಈ ಒಂದೇ ಅರ್ಥ ಸಿಗಬಹುದು. ಆದರೆ ಹಣ ತೆಗೆದುಕೊಂಡಿಲ್ಲವೆಂದು ಆರೋಪವನ್ನು ಅಲ್ಲಗಳೆಯುವವನು ಡಿನೈ ಮಾಡುತ್ತಾನೆ. ಹಕ್ಕನ್ನೋ ಅನುಮತಿಯನ್ನೋ ಕೊಡದಿರುವುದಕ್ಕೂ ಅದೇ ಪದ. ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಹಟ ಹಿಡಿದವನು ರಿಫ್ಯೂಸ್ ಮಾಡುತ್ತಾನೆ. ಬ್ಯಾಂಕು ಸಾಲದ ಅರ್ಜಿಯನ್ನು ಪರಿಶೀಲಿಸಿ, ತಕ್ಕುದಲ್ಲವೆಂದು ಬದಿಗಿಟ್ಟರೆ ಅದು ರಿಜೆಕ್ಟ್. ಮದುವೆಯ ಆಹ್ವಾನಕ್ಕೆ ಬರಲಾಗುವುದಿಲ್ಲವೆಂದು ಸೌಜನ್ಯದಿಂದ ತಿಳಿಸಿದರೆ ಅದು ಡಿಕ್ಲೈನ್. ಹೋಂಸ್ಟೇಯ ಅತಿಥಿಗೆ ‘ವಿ ರಿಫ್ಯೂಸ್ ಯುವರ್ ಬುಕಿಂಗ್’ ಎಂದು ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲದಿದ್ದರೂ ಓದಿದವರಿಗೆ ಬಾಗಿಲನ್ನು ಮುಖದ ಮೇಲೆ ಹಾಕಿದಂತಾಗುತ್ತದೆ. ನಿಮ್ಮನ್ನು ತಿದ್ದಿದವರು ‘ತಪ್ಪು’ ಎಂದದ್ದು ಬಹುಶಃ ಇಂಥ ಕಡೆಗಳಲ್ಲಿ.

‘ರಿಲಕ್ಟೆಂಟ್’ ಪದದ ಎದುರು ನೀವು ‘ಹಿಂಜರಿಯುವ’ ಎಂದು ಬರೆದಿರುತ್ತೀರಿ. ಸರಿಯೇ, ಆದರೆ ‘ಹೆಸಿಟೆಂಟ್’ ಎಂಬುದಕ್ಕೂ ಅದೇ ಅರ್ಥ. ದರ ಇನ್ನೂ ಏರಬಹುದೆಂಬ ನಿರೀಕ್ಷೆಯಿಂದ ಒಣಗಿಸಿದ ಚೆರಿಯನ್ನು (ಕಾಫಿ ಹಣ್ಣನ್ನು) ಮೂಟೆ ಕಟ್ಟಿಟ್ಟು ಈಗಲೇ ಮಾರಲು ಮನಸ್ಸಿಲ್ಲದ ಬೆಳೆಗಾರರು ರಿಲಕ್ಟೆಂಟ್; ಮಾರಬೇಕೋ ಬೇಡವೋ ಎಂದು ತೀರ್ಮಾನಕ್ಕೆ ಬರಲಾಗದೆ ತೊಯ್ದಾಡುವವರು ಹೆಸಿಟೆಂಟ್. ಮನಸ್ಸಿಲ್ಲದಿರುವುದು ಬೇರೆ, ಖಚಿತವಿಲ್ಲದಿರುವುದು ಬೇರೆ. ಕನ್ನಡದ ‘ಹಿಂಜರಿ’ ಎರಡನ್ನೂ ಒಳಗೊಳ್ಳುತ್ತದೆ. ಜೊತೆಗೆ ರಿಲಕ್ಟೆಂಟ್ ಆದಮೇಲೆ ‘ಟು’ ಬಂದು, ಅದರ ಮುಂದೆ ಕ್ರಿಯಾಪದ ಬರುತ್ತದೆ ಎಂಬುದನ್ನೂ ಪದದ ಜೊತೆಯಲ್ಲೇ ಕಲಿಯಬೇಕು: ‘ರಿಲಕ್ಟೆಂಟ್ ಟು ಸೆಲ್’. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಸರಳವಾದ ಉದಾಹರಣೆಯೂ ಕಣ್ಣೆದುರಿಗೇ ಇದೆ. ಕಾಫಿ ಗಿಡಕ್ಕೆ ಸಿಲ್ವರ್ ಓಕ್ ಮರ ಕೊಡುವುದೂ ನೆರಳು, ಅಂಗಳದಲ್ಲಿ ನಿಂತವರ ಕಾಲಬುಡದಲ್ಲಿ ಬೀಳುವುದೂ ನೆರಳು. ಇಂಗ್ಲಿಷಿನಲ್ಲಿ ಮೊದಲನೆಯದು ಶೇಡ್, ಬಿಸಿಲು ತಾಗದ ತಂಪು ಜಾಗ; ಎರಡನೆಯದು ಶ್ಯಾಡೋ, ಬೆಳಕನ್ನು ತಡೆದ ವಸ್ತುವಿನ ಆಕಾರ. ಮರದ ಕೊಂಬೆಗಳನ್ನು ಕಡಿದು ಕಪಾತು ಮಾಡುವಾಗ ಕಡಿಮೆಯಾಗುವುದು ಶೇಡ್, ಶ್ಯಾಡೋ ಅಲ್ಲ.

ಅರ್ಥದ ಜೊತೆಗೆ ಪದದ ತೂಕವನ್ನೂ ಗಮನಿಸಬೇಕು. ‘ಅಡಿಕ್ವೇಟ್’ ಎಂದರೆ ಸಾಕಷ್ಟು. ಕಾಫಿ ಹೂವನ್ನು ಅರಳಿಸುವ ಮಾರ್ಚ್ ತಿಂಗಳ ಹೂಮಳೆ ಸಾಕಷ್ಟು ಬಂತೆಂದು ಹೇಳಲು ಆ ಪದ ಒಪ್ಪುತ್ತದೆ, ಏಕೆಂದರೆ ಅಲ್ಲಿ ಅಗತ್ಯವಿದ್ದಷ್ಟು ಮಳೆ ಬಂತೇ ಎಂಬುದೇ ಪ್ರಶ್ನೆ. ಆದರೆ ಹೋಂಸ್ಟೇಯ ವಿವರಣೆಯಲ್ಲಿ ‘ನಮ್ಮ ಕೋಣೆಗಳು ಅಡಿಕ್ವೇಟ್ ಆಗಿವೆ’ ಎಂದು ಬರೆದರೆ ‘ಹೇಗೋ ನಡೆಯುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ’ ಎಂಬ ಧ್ವನಿ ಬರುತ್ತದೆ. ಅಲ್ಲಿ ಕಂಫರ್ಟಬಲ್, ಸ್ಪೇಶಸ್ ಎಂಬ ಪದಗಳು ಬೇಕು. ಇಂಥ ಸೂಕ್ಷ್ಮ ಯಾವ ಎರಡು ಕಾಲಮ್ಮಿನ ಪಟ್ಟಿಯಲ್ಲೂ ಇರುವುದಿಲ್ಲ. ಪದವನ್ನು ನಾಲ್ಕಾರು ವಾಕ್ಯಗಳಲ್ಲಿ ಕಂಡಾಗ ಮಾತ್ರ ತಿಳಿಯುತ್ತದೆ.

ಕನ್ನಡದ ವಾಕ್ಯರಚನೆ ಇಂಗ್ಲಿಷ್ ಪದದ ಜೊತೆಗೆ ನುಸುಳುವುದು ಇನ್ನೊಂದು ಕಾರಣ. ನಾವು ‘ಇದರ ಬಗ್ಗೆ ಚರ್ಚಿಸೋಣ’ ಎನ್ನುತ್ತೇವೆ. ಆ ‘ಬಗ್ಗೆ’ಯೇ ‘ಡಿಸ್ಕಸ್ ಅಬೌಟ್’ ಆಗಿ ಹೊರಬರುತ್ತದೆ, ಆದರೆ ಡಿಸ್ಕಸ್ ಪದಕ್ಕೆ ಅಬೌಟ್ ಬೇಡ. ‘ಎಂಫಸೈಸ್’ (ಒತ್ತಿ ಹೇಳು) ಪದಕ್ಕೆ ‘ಆನ್’ ಬೇಡ, ‘ಎಂಫಸಿಸ್’ ಎಂಬ ನಾಮಪದಕ್ಕೆ ಬೇಕು. ‘ಕೋಪ್’ (ನಿಭಾಯಿಸು) ಪದಕ್ಕೆ ‘ವಿತ್’ ಸಾಕು, ನಡುವೆ ‘ಅಪ್’ ಸೇರಿಸಬಾರದು. ಇವಕ್ಕೆ ನಿಯಮಗಳನ್ನು ಹುಡುಕುತ್ತಾ ಕೂರುವುದಕ್ಕಿಂತ ಪದವನ್ನು ಅದರ ಜೊತೆಗಾರ ಪದದೊಂದಿಗೇ ಒಂದು ತುಂಡಾಗಿ ಬರೆದುಕೊಳ್ಳುವುದು ಒಳ್ಳೆಯದು.

ಕನ್ನಡದೊಳಗೆ ಆಗಲೇ ಬಂದು ನೆಲೆಸಿರುವ ಇಂಗ್ಲಿಷ್ ಪದಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಏಕೆಂದರೆ ಅವು ಗೊತ್ತಿರುವ ಪದಗಳೆಂದು ನಾವು ನಿಘಂಟನ್ನು ತೆರೆಯುವುದೇ ಇಲ್ಲ. ‘ಟೆನ್ಷನ್ ಆಗ್ತಿದೆ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವ ಭಾವಕ್ಕೆ ಇಂಗ್ಲಿಷಿನಲ್ಲಿ ವರೀಡ್ ಅಥವಾ ಆ್ಯಂಕ್ಷಸ್ ಹತ್ತಿರದ ಪದಗಳು. ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು ನಾವು ಕೇಳುವುದನ್ನು ಹೊರದೇಶದ ಅತಿಥಿಗೆ ಹಾಗೆಯೇ ಹೇಳಿದರೆ ಏನನ್ನು ಸರಿಪಡಿಸಬೇಕೆಂದು ಅವರಿಗೆ ತಿಳಿಯದು. ಅಲ್ಲಿ ‘ಮೂವ್ ಓವರ್’ ಎನ್ನಬೇಕು. ಸೇನೆಯಲ್ಲಿ ಮಕ್ಕಳಿರುವ ಮನೆಗಳು ಕೊಡಗಿನಲ್ಲಿ ಬಹಳ ಇರುವುದರಿಂದ ‘ಪಾಸಿಂಗ್ ಔಟ್ ಪರೇಡ್’ ಎಂಬುದು ಇಲ್ಲಿ ಎಲ್ಲರಿಗೂ ಪರಿಚಿತ. ಸೇನಾ ಅಕಾಡೆಮಿಯ ಸಂದರ್ಭದಲ್ಲಿ ಅದು ಸರಿಯಾದ ಬಳಕೆಯೇ. ಆದರೆ ಕಾಲೇಜಿನ ಓದು ಮುಗಿದುದನ್ನು ‘ಪಾಸ್ಡ್ ಔಟ್’ ಎಂದು ಭಾರತದ ಹೊರಗಿನವರಿಗೆ ಹೇಳಿದರೆ, ಪ್ರಜ್ಞೆ ತಪ್ಪಿ ಬಿದ್ದಿರೆಂದು ಅವರು ತಿಳಿಯುವ ಸಾಧ್ಯತೆಯಿದೆ. ಅಲ್ಲಿ ಗ್ರ್ಯಾಜುಯೇಟೆಡ್ ಎಂಬ ಪದವನ್ನು ಬಳಸಿ.

ಅದೇ ಹೊತ್ತಿಗೆ, ಹೀಗೆ ಮನೆಯೊಳಗೆ ಬಂದಿರುವ ಪದಗಳು ದೊಡ್ಡ ಆಸ್ತಿಯೂ ಹೌದು. ತೋಟದ ಮನೆಯವರಿಗೆ ‘ವೆರೈಟಿ’ ಗೊತ್ತು. ಅರೇಬಿಕಾದಲ್ಲಿ ಎಸ್-795, ಚಂದ್ರಗಿರಿ ಎಂಬ ವೆರೈಟಿಗಳ ಹೆಸರನ್ನು ಮಕ್ಕಳೂ ಹೇಳಬಲ್ಲರು. ಆ ಒಂದು ಪದವನ್ನು ಹಿಡಿದರೆ ಇಡೀ ಕುಟುಂಬ ಸಿಗುತ್ತದೆ: ವೇರಿ (ಬದಲಾಗು, ಒಂದರಿಂದ ಇನ್ನೊಂದು ಭಿನ್ನವಾಗಿರು), ವೇರಿಯಸ್ (ಬಗೆಬಗೆಯ), ವೇರಿಯೇಷನ್ (ಏರುಪೇರು ಅಥವಾ ವ್ಯತ್ಯಾಸ), ವೇರಿಯಬಲ್ (ಸ್ಥಿರವಲ್ಲದ), ಇನ್‌ವೇರಿಯಬ್ಲಿ (ಪ್ರತಿ ಸಲವೂ ತಪ್ಪದೆ). ನಾನು ಮೇಲೆ ಪದಕುಟುಂಬ ಎಂದದ್ದು ಇದನ್ನೇ, ಮತ್ತು ಐದು ಬಿಡಿ ಪದಗಳನ್ನು ಕಲಿಯುವುದಕ್ಕಿಂತ ಒಂದು ಕುಟುಂಬವನ್ನು ಕಲಿಯುವುದು ಹಗುರ. ಚೆರಿ ಮಾರುವಾಗ, ಅದರಿಂದ ಸಿಗುವ ಬೀಜದ ಪ್ರಮಾಣಕ್ಕೆ ಕೇಳುವ ‘ಔಟ್‌ಟರ್ನ್’, ಗೋದಾಮಿನಲ್ಲಿ ಅಳೆಯುವ ‘ಮಾಯಿಶ್ಚರ್’ (ತೇವಾಂಶ), ಲೆಕ್ಕದ ಪುಸ್ತಕದಲ್ಲಿ ಬರುವ ‘ಯೀಲ್ಡ್’ ಇವೆಲ್ಲ ಇದೇ ಬಗೆಯವು. ಯೀಲ್ಡ್ ಎಂದರೆ ಇಳುವರಿ ಮಾತ್ರವಲ್ಲ, ಒತ್ತಡಕ್ಕೆ ಮಣಿಯುವುದೂ ಹೌದು ಎಂದು ಒಮ್ಮೆ ತಿಳಿದರೆ, ‘ದಿ ಗವರ್ನ್‌ಮೆಂಟ್ ಯೀಲ್ಡೆಡ್ ಟು ಪ್ರೆಶರ್’ ಎಂಬ ತಲೆಬರಹ ಗೊಂದಲವೆನಿಸುವುದಿಲ್ಲ.

ಪದದ ಆರಂಭಕ್ಕೆ ಸೇರುವ ಅನ್, ಇನ್, ಡಿಸ್, ಮಿಸ್ ಮುಂತಾದ ತುಣುಕುಗಳನ್ನು ಗುರುತಿಸುವುದು ಕನ್ನಡ ಬಲ್ಲವರಿಗೆ ಕಷ್ಟವಲ್ಲ. ನ್ಯಾಯ-ಅನ್ಯಾಯ, ಉಚಿತ-ಅನುಚಿತ ಎಂಬ ಜೋಡಿಗಳಲ್ಲಿ ನಾವು ದಿನವೂ ಮಾಡುವ ಕೆಲಸವೇ ಅದು. ‘ಇನ್‌ವ್ಯಾಲ್ಯುಬಲ್’ ಪದವನ್ನು ಕಂಡ ಬಹಳ ಮಂದಿ ‘ಬೆಲೆಯಿಲ್ಲದ್ದು’ ಎಂದು ತಿಳಿಯುತ್ತಾರೆ. ಅದರ ನಿಜವಾದ ಅರ್ಥ ಬೆಲೆ ಕಟ್ಟಲಾಗದಷ್ಟು ಹಿರಿದಾದುದು. ‘ಅಮೂಲ್ಯ’ ಎಂಬ ಪದ ನೆನಪಿದ್ದರೆ ಸಾಕು, ಎರಡರ ರಚನೆಯೂ ಒಂದೇ.

ಇನ್ನು ಮರೆವಿನ ವಿಷಯ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ ಅಳೆದು, ಕಲಿತ ಕೂಡಲೇ ಮರೆವು ಅತಿ ವೇಗವಾಗಿರುತ್ತದೆ, ಅನಂತರ ನಿಧಾನವಾಗುತ್ತದೆ ಎಂದು ತೋರಿಸಿದರು. ಆದ್ದರಿಂದ ವಾರದಲ್ಲಿ ಪದಗಳು ಹೋಗುವುದು ನಿಮ್ಮ ಬುದ್ಧಿಯ ಕೊರತೆಯಲ್ಲ, ಎಲ್ಲರ ಸ್ಮರಣೆಯ ನಡೆಯೇ ಹಾಗೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ತೋರಿಸಿದರು. ಓದಿದ್ದನ್ನೇ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಆದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಮೀರಿಸಿದರು. ನೀವು ಮಾಡುತ್ತಿರುವುದು ಮೊದಲ ಗುಂಪಿನವರ ಕೆಲಸ. ನೋಟ್‌ಬುಕ್ಕಿನ ಎರಡು ಕಾಲಮ್ಮನ್ನು ಒಟ್ಟಿಗೆ ನೋಡುತ್ತಾ ಓದಿದರೆ ಎಲ್ಲವೂ ಗೊತ್ತಿದೆಯೆಂಬ ಭಾವನೆ ಬರುತ್ತದೆಯೇ ಹೊರತು ಮನಸ್ಸು ಏನನ್ನೂ ಹುಡುಕಿ ತೆಗೆದಿರುವುದಿಲ್ಲ.

ಹಾಗಾಗಿ ನೋಟ್‌ಬುಕ್ಕನ್ನು ಬಿಟ್ಟು ಚೀಟಿಗಳಿಗೆ ಬನ್ನಿ. ಚೀಟಿಯ ಒಂದು ಬದಿಗೆ ಪದ ಬಿಟ್ಟುಹೋದ ವಾಕ್ಯ ಮತ್ತು ಚಿಕ್ಕದಾಗಿ ಕನ್ನಡದ ಸುಳಿವು, ಇನ್ನೊಂದು ಬದಿಗೆ ಪದ, ಅದರ ಜೊತೆಗಾರ ಪದ, ಕುಟುಂಬದ ಒಂದೆರಡು ರೂಪ. ಈ ಉತ್ತರದಲ್ಲಿ ಪದಗಳನ್ನು ನಾನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ನಿಮ್ಮ ಚೀಟಿಯಲ್ಲಿ ಇಂಗ್ಲಿಷ್ ಕಾಗುಣಿತವೇ ಇರಬೇಕು. ವಾಕ್ಯ ನಿಮ್ಮ ಸುತ್ತಲಿನದಾಗಿರಲಿ; ‘ಮಡಿಕೇರಿಗೆ ಹೋಗುವ ಕೊನೆಯ ಬಸ್ಸು’, ‘ಅಜ್ಜನಿಗೆ ಆಸ್ಪತ್ರೆಗೆ ಹೋಗಲು ಮನಸ್ಸಿಲ್ಲ’ ಎಂಬಂಥ ನಿಜವಾದ ಸಂಗತಿಯನ್ನು ಹೊತ್ತ ವಾಕ್ಯ ಪುಸ್ತಕದ ವಾಕ್ಯಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಮಾರನೆಯ ದಿನ, ಮೂರು ದಿನಕ್ಕೆ, ವಾರಕ್ಕೆ, ಎರಡು ವಾರಕ್ಕೆ, ತಿಂಗಳಿಗೆ ಎಂದು ಅಂತರವನ್ನು ಹಿಗ್ಗಿಸುತ್ತಾ ಹೋಗಿ. ತಪ್ಪಿದ ಚೀಟಿ ಮೊದಲ ದಿನದ ಗುಂಪಿಗೆ ಮರಳಲಿ. 1970ರ ದಶಕದಲ್ಲಿ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಈ ಕ್ರಮವನ್ನು, ಒಂದೊಂದು ಅಂತರದ ಚೀಟಿಗಳಿಗೆ ಒಂದೊಂದು ಡಬ್ಬಿ ಇಡುವ ಮೂಲಕ, ಜನಪ್ರಿಯಗೊಳಿಸಿದರು, ಈಗಿನ ಮೊಬೈಲ್ ಆ್ಯಪ್‌ಗಳು ಮಾಡುವುದೂ ಬಹುಮಟ್ಟಿಗೆ ಅದನ್ನೇ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಊರುಗಳಿಗೆ ಕಾಗದದ ಚೀಟಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ.

ವಾರಕ್ಕೆ ಎಂಟು ಹತ್ತು ಕುಟುಂಬಗಳಿಗಿಂತ ಹೆಚ್ಚು ಬೇಡ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು: ಡಿನೈ, ರಿಫ್ಯೂಸ್, ರಿಜೆಕ್ಟ್, ಡಿಕ್ಲೈನ್ ಪದಗಳನ್ನು ನಾನು ಮೇಲೆ ಒಟ್ಟಿಗೆ ಇಟ್ಟದ್ದು ವ್ಯತ್ಯಾಸ ತೋರಿಸಲಿಕ್ಕಾಗಿ. ಹೊಸದಾಗಿ ಕಲಿಯುವಾಗ ಸಮೀಪದ ಅರ್ಥದ ಪದಗಳನ್ನು ಒಂದೇ ದಿನ ಕಲಿತರೆ ಒಂದು ಇನ್ನೊಂದರ ಜಾಗಕ್ಕೆ ಬಂದು ಗೊಂದಲವಾಗುತ್ತದೆ. ರಿಫ್ಯೂಸ್ ಚೆನ್ನಾಗಿ ನೆಲೆಯೂರಿದ ಮೇಲೆ ಡಿಕ್ಲೈನ್ ಕಲಿತು, ಆಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಚೀಟಿಗೆ ಪದಗಳು ಓದಿನಿಂದಲೇ ಬರಬೇಕು, ಮತ್ತು ಆ ಓದು ಕೆಲವು ವಾರ ಒಂದೇ ವಿಷಯದ ಸುತ್ತ ಇದ್ದರೆ ಲಾಭ ಹೆಚ್ಚು, ಏಕೆಂದರೆ ಒಂದು ವಿಷಯದ ವರದಿಗಳಲ್ಲಿ ಅದೇ ಪದಗಳು ಬೇರೆ ಬೇರೆ ವಾಕ್ಯಗಳಲ್ಲಿ ಮರಳಿ ಬರುತ್ತವೆ. ನೀವು ಬಲ್ಲ ವಿಷಯದಿಂದ ಆರಂಭಿಸಿ. ಕೊಡಗಿನ ಆನೆ-ಮಾನವ ಸಂಘರ್ಷದ ಬಗ್ಗೆ ಇಂಗ್ಲಿಷ್ ಪತ್ರಿಕೆಯ ನಾಲ್ಕೈದು ವರದಿಗಳನ್ನು ಓದಿದರೆ ಹ್ಯಾಬಿಟ್ಯಾಟ್ (ನೆಲೆ), ಎನ್‌ಕ್ರೋಚ್ (ಅತಿಕ್ರಮಿಸು, ಇದರ ಮುಂದೆ ಆನ್), ಸ್ಟ್ರೇ (ದಾರಿತಪ್ಪಿ ಬರು, ಇದರ ಮುಂದೆ ಇಂಟು), ಡಿಟರ್ (ಹೆದರಿಸಿ ತಡೆ), ಮಿಟಿಗೇಟ್ (ತೀವ್ರತೆಯನ್ನು ತಗ್ಗಿಸು), ಕಾಂಪನ್ಸೇಟ್ (ನಷ್ಟ ತುಂಬಿಕೊಡು, ಇದರ ಮುಂದೆ ಫಾರ್) ಇವೆಲ್ಲ ಎದುರಾಗುತ್ತವೆ. ವಿಷಯ ಮೊದಲೇ ತಿಳಿದಿರುವುದರಿಂದ ಅರ್ಥವನ್ನು ಊಹಿಸುವುದು ಸಾಧ್ಯವಾಗುತ್ತದೆ. 2018ರ ಆಗಸ್ಟಿನ ಭೂಕುಸಿತದ ವರದಿಗಳಲ್ಲಿ ವಲ್ನರಬಲ್ (ಅಪಾಯಕ್ಕೆ ಸುಲಭವಾಗಿ ಈಡಾಗುವ), ಡಿಸ್‌ಪ್ಲೇಸ್ಡ್ (ನೆಲೆ ಕಳೆದುಕೊಂಡ), ರೀಹ್ಯಾಬಿಲಿಟೇಟ್ (ಪುನರ್ವಸತಿ ಕಲ್ಪಿಸು) ಪದಗಳು ಹಾಗೆಯೇ ಸಿಗುತ್ತವೆ. ಕಾಫಿ ದರದ ಸುದ್ದಿಯಲ್ಲಿ ಫ್ಲಕ್ಚುಯೇಟ್ (ಏರಿಳಿ), ಸರ್ಜ್ (ಒಮ್ಮೆಲೇ ಏರು), ಶಾರ್ಟೇಜ್ (ಕೊರತೆ) ಬರುತ್ತವೆ, ಬಿ.ಕಾಂ. ಓದುವ ನಿಮಗೆ ಬ್ಯಾಂಕ್ ಪರೀಕ್ಷೆಯ ಪ್ಯಾಸೇಜ್‌ಗಳಿಗೆ ಇದೇ ಹತ್ತಿರದ ದಾರಿ. ಓದುವಾಗ ಪ್ರತಿ ಪದಕ್ಕೂ ನಿಲ್ಲದೆ, ಎರಡು ಮೂರು ಸಲ ಎದುರಾದ ಪದವನ್ನಷ್ಟೇ ಚೀಟಿಗೆ ತೆಗೆದುಕೊಳ್ಳಿ.

ನಿಘಂಟಿನ ವಿಷಯದಲ್ಲಿ, ಇಂಗ್ಲಿಷ್-ಕನ್ನಡ ನಿಘಂಟು ಮೊದಲ ಅರ್ಥಕ್ಕೆ ಇರಲಿ. ಅದರ ಜೊತೆಗೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟೊಂದನ್ನು ಅಭ್ಯಾಸ ಮಾಡಿಕೊಳ್ಳಿ. 1978ರಲ್ಲಿ ಮೊದಲು ಬಂದ ಲಾಂಗ್‌ಮನ್ ನಿಘಂಟು ತನ್ನ ವಿವರಣೆಗಳನ್ನು ಸುಮಾರು 2000 ಸರಳ ಪದಗಳೊಳಗೇ ಬರೆಯುವ ಕ್ರಮವನ್ನು ಇಟ್ಟುಕೊಂಡಿತು. ನಿಮ್ಮ ಮಟ್ಟದವರು ಅದನ್ನು ಓದಬಲ್ಲರು. ಇಂಥ ನಿಘಂಟುಗಳು ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಉಚ್ಚಾರಣೆಯನ್ನೂ ಕೇಳಿಸುತ್ತವೆ. ನೀವು ‘ಅಡಿಕ್ವೇಟ್’ ಎಂದು ಬರೆದ ಪದ ಅಲ್ಲಿ ‘ಆ್ಯಡಿಕ್ವಿಟ್’ ಎಂದು, ಮೊದಲ ಅಕ್ಷರದ ಮೇಲೆ ಒತ್ತು ಕೊಟ್ಟು ಕೇಳಿಸುತ್ತದೆ. ಪದವನ್ನು ಒಮ್ಮೆ ಕೇಳದೆ ಚೀಟಿ ಬರೆಯಬೇಡಿ.

ಮೂರು ಸಾವಿರ ಪದಗಳ ಪುಸ್ತಕವನ್ನು ಕೊಳ್ಳುವ ಅಗತ್ಯ ಈಗ ಇಲ್ಲ. ಆಕ್ಸ್‌ಫರ್ಡ್‌ನವರ 3000 ಪದಗಳ ಪಟ್ಟಿಯೂ, ಮೇಲೆ ಹೇಳಿದ 570 ಕುಟುಂಬಗಳ ಪಟ್ಟಿಯೂ ಹಣ ಕೊಡದೆ ಸಿಗುತ್ತವೆ. ಅವುಗಳನ್ನು ಮೊದಲ ಪುಟದಿಂದ ಬಾಯಿಪಾಠ ಮಾಡಲು ಬಳಸಬೇಡಿ. ಓದಿನಲ್ಲಿ ಎದುರಾದ ಪದ ಈ ಪಟ್ಟಿಗಳಲ್ಲಿ ಇದೆಯೇ ಎಂದು ನೋಡಿ. ಇದ್ದರೆ ಚೀಟಿ ಮಾಡಿ, ಇಲ್ಲದಿದ್ದರೆ ಅರ್ಥ ತಿಳಿದುಕೊಂಡು ಮುಂದೆ ಸಾಗಿ. ಈಗಾಗಲೇ ಬರೆದಿರುವ ನೂರಾರು ಪದಗಳ ನೋಟ್‌ಬುಕ್ಕನ್ನೂ ಹೀಗೆಯೇ ಜರಡಿ ಹಿಡಿದರೆ ಅದರಲ್ಲಿ ಉಳಿಸಿಕೊಳ್ಳಬೇಕಾದ ಪದಗಳು ನಿಮಗೇ ಕಾಣುತ್ತವೆ. ಮೊದಲ ವಾರದ ಚೀಟಿಗಳನ್ನು ಅಲ್ಲಿಂದಲೇ ಆರಿಸಿಕೊಳ್ಳಬಹುದು.